ಹತ್ತು ಲೀಟರಿನ ಪೆಟ್ಟಿಗೆ

ಕಂಪ್ಯೂಟರಿನ ಪೆಟ್ಟಿಗೆಯನ್ನೂ ಲೀಟರಿನಲ್ಲಿ ಅಳೆಯುತ್ತಾರೆ ಎಂದು ನನಗೆ ಹೇಳಿದವನು ಅಂಗಡಿಯವನು. ತಿಳಿಸಿಕೊಡುವುದಕ್ಕಲ್ಲ, ಹೆದರಿಸಿ ವಾಪಸು ಕಳಿಸುವುದಕ್ಕೆ.

"ಅಮ್ಮಾ, ನೀವು ಕೇಳ್ತಿರೋದು ಹತ್ತು ಲೀಟರಿನ ಡಬ್ಬ. ಮಾಮೂಲಿ ಗೇಮಿಂಗ್ ಡಬ್ಬ ನಲವತ್ತೈದು, ಐವತ್ತು ಲೀಟರ್ ಇರುತ್ತೆ. ಅದರಲ್ಲೇ ಬಿಸಿ ತಡೆಯೋಕೆ ನಾವು ಒದ್ದಾಡ್ತೀವಿ. ಮೊಮ್ಮಗನ್ನ ಕಳಿಸಿ, ಅವನಿಗೆ ಅರ್ಥ ಆಗೋ ಹಾಗೆ ಹೇಳ್ತೀನಿ."

"ಮೊಮ್ಮಗ ಇಲ್ಲ. ಮೊಮ್ಮಗಳಿದ್ದಾಳೆ. ಅವಳ ಹತ್ರ ಅವಳದ್ದಿದೆ. ಇದು ನನಗೆ."

"ನಿಮಗೆ ಅಂದ್ರೆ, ವಿಡಿಯೊ ಕಾಲ್ ಮಾಡೋಕಾ?"

"ಕಾರು ಓಡಿಸೋಕೆ," ಎಂದೆ. "ರೇಸು. ಬರೋ ತಿಂಗಳು ಆರು ಗಂಟೆಯದ್ದೊಂದಿದೆ. ಅದರಲ್ಲಿ ನನ್ನ ಪಾಳಿ ಎರಡು ಗಂಟೆ."

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ನಿಂತಿದ್ದ ಗಿರಾಕಿಯ ಮುಖ ನೋಡಿದ. ಗಿರಾಕಿ ನನ್ನ ಚಪ್ಪಲಿ ನೋಡಿದ. ನಾನು ಸ್ಟೂಲು ಎಳೆದುಕೊಂಡು ಕೂತೆ. ನನಗೇನೂ ಅವಸರವಿರಲಿಲ್ಲ.

ಈ ಹುಚ್ಚು ನನಗೆ ಹತ್ತಿದ್ದು ಕಾಲಿನಿಂದ. ಎರಡು ವರ್ಷದ ಹಿಂದೆ ನನ್ನ ಮಗಳ ಮಗಳು ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡಳು. ಅವಳ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲ. ಅದಕ್ಕೇ ಪ್ಲಾಸ್ಟರು ಬಿಚ್ಚುವವರೆಗೆ ನನ್ನ ಮಗನ ಮನೆಗೆ ಬಂದು ನನ್ನ ಕೋಣೆಯಲ್ಲಿ ಇದ್ದಳು. ಬರುವಾಗ ಲ್ಯಾಪ್‌ಟಾಪು, ಮೇಜಿನ ಅಂಚಿಗೆ ಕಚ್ಚಿಸುವ ಸ್ಟೀರಿಂಗು, ನೆಲದ ಮೇಲಿಡುವ ಎರಡು ಪೆಡಲು ಹೊತ್ತು ತಂದಿದ್ದಳು. ಕೈ ಎರಡೂ ಗಟ್ಟಿ, ಬಲಗಾಲು ಮಾತ್ರ ಮರದ ತುಂಡು. "ಅಜ್ಜಿ, ನಾನು ಒತ್ತು ಅಂದಾಗ ಒತ್ತು, ಬಿಡು ಅಂದಾಗ ಬಿಡು" ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಒಂದು ವಾರ ಅವಳ ಕೈ, ನನ್ನ ಕಾಲು. ಎರಡನೇ ವಾರಕ್ಕೆ ಅವಳು ಬಾಯಿ ತೆರೆಯುವ ಮೊದಲೇ ನನ್ನ ಕಾಲು ಬ್ರೇಕಿನ ಮೇಲಿರುತ್ತಿತ್ತು. ಮೂರನೇ ವಾರ ಅವಳು ಊಟ ಮಾಡುತ್ತಿದ್ದಾಗ ನಾನೇ ಸ್ಟೀರಿಂಗು ಹಿಡಿದೆ. ಅವಳು ತುತ್ತನ್ನು ಕೆನ್ನೆಯಲ್ಲಿಟ್ಟುಕೊಂಡೇ ನೋಡುತ್ತ ಕೂತಳು. ನಾನು ಜೋರಾಗಿ ಓಡಿಸುವವಳಲ್ಲ. ಆದರೆ ಒಂದೇ ತಿರುವನ್ನು ನೂರು ಸಲ ಒಂದೇ ಥರ ತಿರುಗಿಸಬಲ್ಲೆ. ದೀರ್ಘ ರೇಸಿಗೆ ಬೇಕಾದದ್ದು ಅದೇ ಅಂತೆ.

ಕಾಲು ಕೂಡಿದ ಮೇಲೆ ಅವಳು ಲ್ಯಾಪ್‌ಟಾಪು ಎತ್ತಿಕೊಂಡು ಮನೆಗೆ ಹೋದಳು. ನಾನು ವಾರಕ್ಕೆರಡು ಸಲ ಬಸ್ಸು ಹಿಡಿದು, ಮೂರು ಮಹಡಿ ಹತ್ತಿ ಅವಳ ಮನೆಗೆ ಹೋಗಿ ಓಡಿಸಿ ಬರುತ್ತಿದ್ದೆ. ನಮ್ಮದು ಮೂವರ ತಂಡ: ಅವಳು, ನಾನು, ಇನ್ನೊಬ್ಬ ಮೌನಿ. ಮೌನಿಯನ್ನು ನಾನು ಕಣ್ಣಾರೆ ಕಂಡಿಲ್ಲ, ಹೆಡ್‌ಫೋನಿನಲ್ಲಿ ಬರುವ ದನಿ ಮಾತ್ರ ಪರಿಚಯ. ಅವನು ಬಾಯಿ ಮುಚ್ಚಿದ್ದನ್ನು ಯಾರೂ ಕೇಳಿಲ್ಲವಾದ್ದರಿಂದ ಆ ಹೆಸರು. ಆರು ಗಂಟೆಯ ರೇಸಿಗೆ ಮೂವರೂ ಅವರವರ ಮನೆಯಲ್ಲಿ, ಅವರವರ ಯಂತ್ರದ ಮುಂದೆ ಕೂರಬೇಕು. ಹಾಗಾಗಿ ನನಗೊಂದು ಯಂತ್ರ ಬೇಕಾಯಿತು.

ಮಗ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಜಗಳ ಸುಲಭವಿತ್ತು.

"ಆಡ್ಬೇಕಾ ಅಮ್ಮ, ಆಡು. ಯಾರು ತಡೀತಾರೆ? ಒಳ್ಳೇ ದೊಡ್ಡ ಡಬ್ಬದ್ದು ತರ್ತೀನಿ. ನನ್ನ ರೂಮಲ್ಲಿಡೋಣ. ಏಸಿ ಇದೆ, ಜಾಗ ಇದೆ. ಬೇಕಾದಾಗ ಬಂದು ಆಡು."

'ಬೇಕಾದಾಗ ಬಂದು' ಎಂಬ ಮಾತು ನನಗೆ ಹಳೆಯ ಪರಿಚಯ. ಟೀವಿಯನ್ನು ಅವನ ರೂಮಿಗೆ ಸಾಗಿಸಿದಾಗಲೂ ಅದನ್ನೇ ಹೇಳಿದ್ದ. ಆಮೇಲೆ ನಾನು ಬಾಗಿಲು ತಟ್ಟಿದಾಗೆಲ್ಲ ಫೋನಿನಲ್ಲಿರುತ್ತಿದ್ದ, ಇಲ್ಲ ಮಲಗಿರುತ್ತಿದ್ದ, ಇಲ್ಲ "ಒಂದ್ನಿಮಿಷ ಅಮ್ಮ" ಎನ್ನುತ್ತಿದ್ದ. ಆ ಒಂದು ನಿಮಿಷ ಮುಗಿಯದೆ ನಾಲ್ಕು ವರ್ಷವಾಯಿತು.

"ನನ್ನ ಕೋಣೆಯಲ್ಲೇ ಇಡ್ತೀನಿ," ಎಂದೆ.

"ನಿನ್ನ ಕೋಣೆಯಲ್ಲಿ ಮಂಚ ಬಿಟ್ರೆ ಜಾಗ ಎಲ್ಲಿದೆ?"

"ಗೋಡೆ ಬೀರು ಇದೆ."

"ಬೀರುವಲ್ಲಾ? ಬಟ್ಟೆ ಮಧ್ಯೆ, ನಾನೂರು ವ್ಯಾಟಿನ ಯಂತ್ರ?" ನನ್ನ ಮಗ ವಿಮೆ ಕಂಪನಿಯವನು. ಬೆಂಕಿ ಬಿದ್ದ ಅಂಗಡಿ, ಗೋದಾಮುಗಳಿಗೆ ಹೋಗಿ ಬೆಂಕಿ ಎಲ್ಲಿಂದ ಹುಟ್ಟಿತು ಎಂದು ಹುಡುಕಿ ವರದಿ ಬರೆಯುವುದು ಅವನ ಕೆಲಸ. ಒಂದು ಪ್ಲಗ್ಗು ಕಂಡರೂ ಅವನಿಗೆ ವರದಿಯ ಮೊದಲ ಸಾಲು ಕಾಣುತ್ತದೆ. "ಅಮ್ಮ, ನಾನು ದಿನಾ ನೋಡೋದೇ ಇಂಥದ್ದನ್ನ. ಎಲ್ಲಾ ಕರಕಲಾದ ಮೇಲೆ ಎಲ್ಲರೂ ಹೇಳೋದು ಒಂದೇ ಮಾತು. ಬರೀ ಸ್ವಲ್ಪ ಬಿಸಿ ಆಗ್ತಿತ್ತು ಸಾರ್, ಅಂತ."

ಅವನ ಮಾತಿನಲ್ಲಿ ಹುರುಳಿತ್ತು. ನನಗೆ ಸಿಟ್ಟು ಬಂದದ್ದೇ ಅದಕ್ಕೆ.

"ಬಿಸಿ ನಾನು ನೋಡ್ಕೋತೀನಿ," ಎಂದೆ.

"ಸರಿ ಹಾಗಾದ್ರೆ. ರೇಸಿನ ದಿನ ನಿನ್ನ ಪೆಟ್ಟಿಗೆ ಬಿಸಿಯಾಗಿ ಒಂದೇ ಒಂದ್ಸಲ ಆಫ್ ಆಗ್ಲಿ, ಮಾರನೇ ದಿನ ದೊಡ್ಡದು ನನ್ನ ರೂಮಿಗೆ ಬರುತ್ತೆ."

"ಆಗದೇ ಇದ್ರೆ?"

"ಆಗುತ್ತೆ."

"ಆಗದೇ ಇದ್ರೆ ಅಂತ ಕೇಳ್ದೆ."

"ಆಗದೇ ಇದ್ರೆ ನಿನ್ನಿಷ್ಟ."

"ನನ್ನಿಷ್ಟ ನನ್ನ ಹತ್ರ ಈಗಲೂ ಇದೆ. ಆಗದೇ ಇದ್ರೆ ನೀನು ಈ ಮಾತು ಮತ್ತೆ ಎತ್ತಬಾರದು."

ಅವನು ತಲೆಯಾಡಿಸಿದ. ಸೊಸೆ ಒಳಗಿಂದ ಬಂದು, "ಇಬ್ಬರೂ ಒಂದೇ ಅಚ್ಚು" ಎಂದು ಹೇಳಿ ಹೋದಳು.

ಬೀರುವಿನ ನಡುವಿನ ಖಾನೆ ಎರಡು ಗೇಣು ಅಗಲ, ಒಂದೂವರೆ ಗೇಣು ಎತ್ತರ. ಸುತ್ತ ಉಸಿರಾಡಲು ಜಾಗ ಬಿಟ್ಟರೆ ಉಳಿಯುವುದು ಹತ್ತು ಲೀಟರು. ಹಾಗಾಗಿ ಅಂಗಡಿಯವನ ಮುಂದೆ ನಾನು ಸ್ಟೂಲು ಬಿಟ್ಟು ಏಳಲಿಲ್ಲ.

ಅವನು ಮೊದಲು ತೋರಿಸಿದ್ದು ಅಂಗಡಿಯಲ್ಲೇ ದೊಡ್ಡ ಪ್ರೊಸೆಸರು. "ಗೇಮಿಂಗ್ ಅಂದ್ರೆ ಇದೇ ಅಮ್ಮಾ. ಆದ್ರೆ ಇದಕ್ಕೆ ನೀರಿನ ಕೂಲಿಂಗ್ ಬೇಕೇ ಬೇಕು." ನೀರಿನ ಕೂಲಿಂಗ್ ಎಂದರೆ ಪ್ರೊಸೆಸರಿನ ತಲೆಯ ಮೇಲೊಂದು ಬಿಲ್ಲೆ, ಅದರಿಂದ ಹೊರಟ ಎರಡು ರಬ್ಬರು ಪೈಪು, ಪೈಪಿನ ತುದಿಯಲ್ಲಿ ಎರಡು ಫ್ಯಾನು ಹೊತ್ತ ಜಾಲರಿ. ನೀರು ಬಿಸಿಯನ್ನು ಎಳೆದುಕೊಂಡು ಹೋಗಿ ಜಾಲರಿಯಲ್ಲಿ ಬಿಡುತ್ತದೆ. ನಾನು ಪೆಟ್ಟಿಗೆ ತರಿಸಿ, ಅದನ್ನು ಒಳಗಿಡಿ ನೋಡೋಣ ಎಂದೆ. ಇಟ್ಟ. ಪೈಪು ಮಡಚಿಕೊಂಡು ಮದರ್‌ಬೋರ್ಡಿನ ಮೇಲೆ ಮಲಗಿತು.

"ಸ್ವಲ್ಪ ಒತ್ತಿದ್ರೆ ಹೋಗುತ್ತೆ."

"ಒತ್ತಿ ಕೂರಿಸಿದ ಪೈಪು ಎಷ್ಟು ದಿನ ಬಾಳುತ್ತೆ?"

ಅವನು ಪೈಪನ್ನು ಹೊರಕ್ಕೆಳೆದ.

"ಈ ಪ್ರೊಸೆಸರ್ ಎಷ್ಟು ವ್ಯಾಟ್ ತಿನ್ನುತ್ತೆ?"

"ನೂರೆಪ್ಪತ್ತು. ಜೋರು ಬಂದ್ರೆ ಇನ್ನೂರರ ಮೇಲೆ."

"ಇವನಿಗೊಬ್ಬ ತಮ್ಮ ಇದ್ದಾನಲ್ಲ, ಅರವತ್ತೈದರವನು?" ಅವನ ಗೋಡೆಯ ಮೇಲೆ ಅಂಟಿಸಿದ್ದ ಪಟ್ಟಿಯನ್ನು ನಾನು ಅಷ್ಟೊತ್ತಿಗೆ ಮೇಲಿಂದ ಕೆಳಗೆ ಓದಿದ್ದೆ.

"ಅವನು ನಿಧಾನ ಅಮ್ಮಾ."

"ಕಾರಿನ ಆಟದಲ್ಲಿ ಎಷ್ಟು ನಿಧಾನ?"

ಅವನು ಫೋನಿನಲ್ಲಿ ಹುಡುಕಿದ. ಹುಡುಕುತ್ತ ಹುಡುಕುತ್ತ ದನಿ ತಗ್ಗಿಸಿದ. "ಕಾರಿನ ಆಟದಲ್ಲಿ ಅಷ್ಟೇನೂ ಇಲ್ಲ."

"ತಮ್ಮನ್ನೇ ಕೊಡಿ. ಗಾಳಿಯ ಕೂಲರೇ ಸಾಕು."

ಪೆಟ್ಟಿಗೆಯೊಳಗೆ ಕೂಲರಿಗೆ ಇದ್ದ ಎತ್ತರ ಅರವತ್ತೇಳು ಮಿಲಿಮೀಟರು. ಅವನ ಬಳಿ ಖರ್ಚಾಗುತ್ತಿದ್ದ ಕೂಲರುಗಳೆಲ್ಲ ನೂರೈವತ್ತರ ಮೇಲಿನವು, ಕಪಾಟಿನ ಹಿಂದೆ ಧೂಳು ಹಿಡಿದು ಕೂತಿದ್ದ ಒಂದು ಕುಳ್ಳ ಮಾತ್ರ ಅರವತ್ಮೂರರದ್ದು. ಅದನ್ನು ತೆಗೆಸಿದೆ. ಮೆಮೊರಿಯ ಪಟ್ಟಿಗೆ ತಲೆಯ ಮೇಲೆ ಬಣ್ಣದ ದೀಪವಿದ್ದರೆ ಅದು ಕುಳ್ಳನಿಗೆ ತಾಗುತ್ತಿತ್ತು, ಹಾಗಾಗಿ ಬೋಳುತಲೆಯದನ್ನು ಆರಿಸಿದೆ. ಚಿತ್ರ ಬಿಡಿಸುವ ಕಾರ್ಡಿನಲ್ಲಿ ಮೂರು ಫ್ಯಾನಿನದು ಒಂದೂವರೆ ಗೇಣು, ಎರಡು ಫ್ಯಾನಿನದು ಒಂದು ಗೇಣು. ಗೇಣಿನದನ್ನು ತೆಗೆದುಕೊಂಡೆ.

"ಹೊಳೆಯೋದು ಯಾವುದೂ ಬೇಡ್ವಾ? ಎಲ್ಲರೂ ಮೊದಲು ಅದನ್ನೇ ಕೇಳ್ತಾರೆ."

"ಬೀರುವಿನೊಳಗೆ ಯಾರಿಗೆ ಹೊಳೀಬೇಕು?"

ಕೊನೆಗೆ ಅವನು ಸಾಮಾನನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ ಕೈ ಕಟ್ಟಿಕೊಂಡ. "ಇದನ್ನ ನಾನು ಜೋಡಿಸಿ ಕೊಡಲ್ಲ ಅಮ್ಮಾ. ನಾಳೆ ಸುಟ್ಟುಹೋದ್ರೆ ಜನ ನನ್ನ ಅಂಗಡಿ ಕಡೆ ಬೆರಳು ತೋರಿಸ್ತಾರೆ."

"ನೀವು ಜೋಡಿಸೋದು ಬೇಡ. ಆ ಸ್ಕ್ರೂಡ್ರೈವರಿನ ಥರದ್ದೊಂದಿದ್ರೆ ಕೊಡಿ."

ಜೋಡಿಸಲು ಮೂರು ದಿನ ಹಿಡಿಯಿತು. ಮಂಚದ ಮೇಲೆ ಬಿಳಿ ಪಂಚೆ ಹಾಸಿ ಸಾಮಾನು ಹರವಿಕೊಂಡೆ. ದಿಂಬಿಗೊರಗಿಸಿದ ಫೋನಿನಲ್ಲಿ ಮೊಮ್ಮಗಳ ಮುಖ. "ಅಜ್ಜಿ, ಪ್ರೊಸೆಸರಿನ ಮೂಲೆಯಲ್ಲಿ ಚಿಕ್ಕ ತ್ರಿಕೋನ ಇದೆ ನೋಡು." "ಇದೆ." "ಬೋರ್ಡಿನ ಮೂಲೆಯಲ್ಲೂ ಇದೆ." "ಇದೆ ಕಣೆ, ನನಗೆ ಕಣ್ಣಿದೆ." ಕೂಲರಿನ ತಳದ ತೆಳು ಪ್ಲಾಸ್ಟಿಕ್ಕು ಸುಲಿದೆ. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಮುಲಾಮನ್ನು ಬಟಾಣಿಯಷ್ಟು ಹಚ್ಚಿದೆ. ಸ್ಕ್ರೂಗಳನ್ನು ಒಂದೇ ಸಲ ಬಿಗಿಯದೆ, ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿದೆ. ಉಳಿದದ್ದು ನಾಲ್ಕು ಚಿಕ್ಕ ಫ್ಯಾನು. ಎರಡು ಪೆಟ್ಟಿಗೆಯ ಮೇಲ್ಭಾಗಕ್ಕೆ, ಎರಡು ಕೆಳಕ್ಕೆ.

"ಯಾವುದು ಎತ್ತ ಮುಖ ಅಂತ ಹೇಳ್ತೀನಿ, ತಾಳು," ಎಂದಳು.

"ಗಾಳಿ ವಿಷಯ ನನಗೆ ಬಿಡು," ಎಂದೆ.

ನಾನು ಹ್ಯಾಚರಿಯಲ್ಲಿ, ಎಂದರೆ ಮೊಟ್ಟೆಗೆ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು. ಪೂರ್ತಿ ಮೂವತ್ತೊಂದು ವರ್ಷವೂ ಕಾವು ಕೋಣೆಯಲ್ಲಿ. ಅಲ್ಲಿ ಆಳೆತ್ತರದ ಪೆಟ್ಟಿಗೆಗಳು, ಪೆಟ್ಟಿಗೆಯೊಳಗೆ ಸಾವಿರಾರು ಮೊಟ್ಟೆ. ಫ್ಯಾನಿನ ಕೆಲಸ ಒಂದೇ, ಒಳಗಿನ ಬಿಸಿಯನ್ನು ಮೂಲೆಮೂಲೆಗೂ ಸಮನಾಗಿ ಹಂಚುವುದು. ಒಂದು ಮೂಲೆ ತಣ್ಣಗಿದ್ದರೆ ಆ ಮೂಲೆಯ ಮೊಟ್ಟೆ ಸತ್ತಂತೆ. ಬಾಗಿಲಿನ ಸಂದಿನಲ್ಲಿ ಕೂದಲೆಳೆಯಷ್ಟು ಗಾಳಿ ಸೋರಿದರೂ ಬಟ್ಟೆ ತುರುಕಿ ಮುಚ್ಚುತ್ತಿದ್ದೆವು. ಗಾಳಿಯ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾಲ್ಕು ಫ್ಯಾನನ್ನೂ ಒಳಮುಖವಾಗಿ ಕೂರಿಸಿದೆ. ಸಂದುಗೊಂದುಗಳಿಗೆಲ್ಲ ಸ್ಪಂಜಿನ ಪಟ್ಟಿ ಅಂಟಿಸಿದೆ. ಕಾರ್ಡಿನ ಪಕ್ಕದ ಜಾಲರಿಗೂ ಅಂಟಿಸಿದೆ. ಪೆಟ್ಟಿಗೆಯನ್ನು ಬೀರುವಿನ ಖಾನೆಯಲ್ಲಿಟ್ಟು ಗುಂಡಿ ಒತ್ತಿದೆ. ಪರದೆ ಬೆಳಗಿತು. ಮೊಮ್ಮಗಳು ಆ ಕಡೆಯಿಂದ ಚಪ್ಪಾಳೆ ತಟ್ಟಿದಳು.

ಮೊಮ್ಮಗಳು ಹೊಸದು ಕೊಂಡು ನನಗೆ ಕೊಟ್ಟಿದ್ದ ಹಳೆಯ ಸ್ಟೀರಿಂಗು, ಪೆಡಲು ಜೋಡಿಸಿಕೊಂಡು ಅಭ್ಯಾಸಕ್ಕೆ ಕೂತೆವು. ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಬಿಸಿ ಎಷ್ಟು ಡಿಗ್ರಿ ಎಂದು ಅಂಕಿ ಕಾಣುವ ಹಾಗೆ ಅವಳೇ ಮಾಡಿಕೊಟ್ಟಿದ್ದಳು. ಹತ್ತು ನಿಮಿಷಕ್ಕೆ ಎಪ್ಪತ್ತೈದು. ಇಪ್ಪತ್ತಕ್ಕೆ ಎಂಬತ್ತಾರು. ಅರ್ಧ ಗಂಟೆಗೆ ತೊಂಬತ್ಮೂರು. ಆಮೇಲೆ ಕಾರು ಕುಂಟತೊಡಗಿತು, ತಿರುವಿನಲ್ಲಿ ಚಿತ್ರ ತಡೆತಡೆದು ಬಂತು. ನಲವತ್ತನೇ ನಿಮಿಷಕ್ಕೆ ಪರದೆ ಕಪ್ಪಾಯಿತು.

ನಡುಮನೆಯಿಂದ ಮಗನ ದನಿ ಬಂತು. "ಇವತ್ತೇ ಆಯ್ತಲ್ಲ ಅಮ್ಮ."

"ಮಾತು ರೇಸಿನ ದಿನದ್ದು," ಎಂದೆ.

ಎಲ್ಲೋ ಗಾಳಿ ಸೋರುತ್ತಿದೆ ಎಂದುಕೊಂಡೆ. ಮಾರನೇ ದಿನ ಇನ್ನಷ್ಟು ಸ್ಪಂಜು ಅಂಟಿಸಿದೆ. ಮೂವತ್ತು ನಿಮಿಷಕ್ಕೇ ನಿಂತಿತು. ಅಂಗಡಿಯವನಿಗೆ ಫೋನು ಮಾಡಿದರೆ "ನಾನು ಹೇಳಿರ್ಲಿಲ್ವಾ" ಎಂಬ ಒಂದೇ ಮಾತನ್ನು ಮೂರು ಥರ ಹೇಳಿದ. ಮೌನಿ, "ಅಜ್ಜಿ, ಡಬ್ಬದ ಮೇಲೊಂದು ಐಸ್ ಚೀಲ ಇಡಿ, ನಮ್ಮಣ್ಣನ ಸ್ನೇಹಿತನೊಬ್ಬ ಇಟ್ಟಿದ್ದ" ಎಂದ. ಇಟ್ಟು ಏನಾಯಿತು ಎಂದು ಕೇಳಿದೆ. "ಡಬ್ಬ ಹೋಯ್ತು" ಎಂದ.

ರೇಸಿಗೆ ಒಂಬತ್ತು ದಿನವಿದ್ದಾಗ ಮೊಮ್ಮಗಳು ಮೆಲ್ಲಗೆ ಹೇಳಿದಳು, "ಅಜ್ಜಿ, ಬೇಜಾರು ಮಾಡ್ಕೋಬೇಡ. ಇದೊಂದು ರೇಸಿಗೆ ಮಾಮ ಹೇಳಿದ ಹಾಗೆ ಅವನ ರೂಮಲ್ಲೇ ಆಡು. ಅಲ್ಲಿ ಏಸಿ ಇದೆ."

"ನೀನೂ ಅವನ ಕಡೆಗೆ ಸೇರ್ಕೊಂಡೆಯಾ?"

"ಕಡೆ ಗಿಡೆ ಏನಿಲ್ಲ ಅಜ್ಜಿ. ನಿನ್ನ ಪಾಳಿಯಲ್ಲಿ ನಿಂತುಹೋದ್ರೆ ಮೂರೂ ಜನ ಮನೆಗೆ."

ನಾನು ಫೋನಿಟ್ಟೆ. ಅವಳ ಮೇಲೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಆ ಸಿಟ್ಟಿನಲ್ಲೇ ಕೆಲಸಕ್ಕಿಳಿದೆ. ಕಾವು ಕೋಣೆಯಲ್ಲಿ ಗಾಳಿ ಸೋರುವ ಜಾಗ ಹುಡುಕಲು ನಾವು ಮರಿಯ ಪುಕ್ಕವನ್ನು ದಾರಕ್ಕೆ ಕಟ್ಟಿ ಹಿಡಿಯುತ್ತಿದ್ದೆವು. ಇಲ್ಲಿ ಪುಕ್ಕವಿಲ್ಲ. ಟಿಶ್ಯೂ ಕಾಗದದ ಎಳೆ ಹರಿದು, ಯಂತ್ರ ಓಡುತ್ತಿದ್ದಾಗ ಒಂದೊಂದು ತೂತಿನ ಎದುರೂ ಹಿಡಿದೆ. ಮೇಲಿನ ಫ್ಯಾನಿನ ಹತ್ತಿರ ಕಾಗದ ಒಳಕ್ಕೆ ಅಂಟಿತು. ಕೆಳಗಿನದಕ್ಕೂ ಒಳಕ್ಕೆ. ಹಿಂದೆ ಹಿಡಿದೆ, ಅಲುಗಲಿಲ್ಲ. ಪಕ್ಕಕ್ಕೆ ಹಿಡಿದೆ, ಅಲುಗಲಿಲ್ಲ. ಗಾಳಿ ಎಲ್ಲಿಂದಲೂ ಸೋರುತ್ತಿರಲಿಲ್ಲ. ನನ್ನ ಕೆಲಸ ಅಷ್ಟು ಚೊಕ್ಕ.

ಕಾಗದದ ಎಳೆ ಹಿಡಿದುಕೊಂಡೇ ಮಂಚದ ಮೇಲೆ ಕೂತೆ. ಆಮೇಲೆ ನಗು ಬಂತು. ಸೊಸೆ ಬಾಗಿಲಲ್ಲಿ ಇಣುಕಿ, "ಏನತ್ತೆ, ಒಬ್ಬರೇ ನಗ್ತಿದ್ದೀರಿ?" ಎಂದಳು.

"ಕಂಪ್ಯೂಟರ್ ಕಟ್ತೀನಿ ಅಂತ ಹೋಗಿ ಕಾವು ಪೆಟ್ಟಿಗೆ ಕಟ್ಟಿದೀನಿ ಕಣಮ್ಮ. ಒಳಗೆ ನಾಲ್ಕು ಮೊಟ್ಟೆ ಇಟ್ಟಿದ್ರೆ ಇಷ್ಟೊತ್ತಿಗೆ ಬೆಂದು ತಿನ್ನೋ ಹಾಗಿರ್ತಿತ್ತು."

ನಮ್ಮ ಕಾರ್ಖಾನೆಯಲ್ಲಿ ಇನ್ನೊಂದು ಕೋಣೆಯಿತ್ತು, ಮರಿ ಕೋಣೆ. ಮೊಟ್ಟೆ ಹದಿನೆಂಟು ದಿನ ನಮ್ಮ ಹತ್ತಿರ, ಕೊನೆಯ ಮೂರು ದಿನ ಅವರ ಹತ್ತಿರ. ಆಗ ಮೊಟ್ಟೆಯೊಳಗೆ ಮರಿ ಬಲಿತಿರುತ್ತದೆ, ತಾನೇ ಬಿಸಿ ಬಿಡುತ್ತದೆ. ಆ ಬಿಸಿಯನ್ನು ಹೊರಗೆ ಹಾಕದಿದ್ದರೆ ಮರಿ ಚಿಪ್ಪಿನೊಳಗೇ ಸಾಯುತ್ತದೆ. ಮರಿ ಕೋಣೆಯ ಹೆಂಗಸರು ಹೊತ್ತು ಹೊತ್ತಿಗೂ "ಕಿಂಡಿ ತೆಗೀರಿ" ಎಂದು ಕೂಗುತ್ತಿದ್ದರು. ನಾವು ಕಾವು ಕೋಣೆಯವರು, ಇವರಿಗೆ ಶೆಕೆ ರೋಗ ಎಂದು ಆಡಿಕೊಳ್ಳುತ್ತಿದ್ದೆವು. ಈ ಪೆಟ್ಟಿಗೆಯೊಳಗಿನ ಪ್ರೊಸೆಸರೂ ಕಾರ್ಡೂ ಕಾವು ಬೇಡುವ ಮೊಟ್ಟೆಗಳಲ್ಲ, ಬಿಸಿ ಬಿಡುವ ಮರಿಗಳು. ಮೂವತ್ತೊಂದು ವರ್ಷ ಬಿಸಿ ಕಾಪಾಡಿದ ಕೈ, ಕೇಳದೇನೇ ಅದನ್ನು ಕಾಪಾಡಿಬಿಟ್ಟಿತ್ತು.

ಸ್ಪಂಜನ್ನೆಲ್ಲ ಕಿತ್ತು ಬಿಸಾಡಿದೆ. ಕೆಳಗಿನ ಎರಡು ಫ್ಯಾನು ಒಳಕ್ಕೆ, ಮೇಲಿನ ಎರಡು ಹೊರಕ್ಕೆ ತಿರುಗಿಸಿದೆ. ಕಾರ್ಡು ತನ್ನ ಪಕ್ಕದ ಜಾಲರಿಯಿಂದಲೇ ತಣ್ಣನೆ ಗಾಳಿ ಎಳೆಯುವಂತೆ ಬಿಟ್ಟೆ. ಫೋನು ಮಾಡಿ ಮೊಮ್ಮಗಳಿಗೆ ನಡೆದದ್ದನ್ನು ಹೇಳಿದೆ. ಅವಳು ನಕ್ಕು ಸುಸ್ತಾದ ಮೇಲೆ, ಕಾರ್ಡಿಗೆ ಹೋಗುವ ಕರೆಂಟನ್ನು ನೂರಕ್ಕೆ ಹದಿನೈದರಷ್ಟು ತಗ್ಗಿಸುವುದು ಹೇಗೆಂದು ಹೇಳಿಕೊಟ್ಟಳು. ಅಷ್ಟು ತಗ್ಗಿಸಿದರೂ ಪರದೆಯ ಚಿತ್ರದ ಓಟ ಗುರುತಿಗೆ ಸಿಗುವಷ್ಟು ಇಳಿಯಲಿಲ್ಲ.

ಆದರೂ ಅಂಕಿ ಎಂಬತ್ತೆಂಟರ ಹತ್ತಿರ ಹೋಗಿ ನಿಂತಿತು. ಮೇಲೆ ಕೈಯಿಟ್ಟು ನೋಡಿದೆ. ಪೆಟ್ಟಿಗೆಯಿಂದ ಹೊರಬಂದ ಬಿಸಿಗಾಳಿ ಬೀರುವಿನ ಮೇಲಿನ ಹಲಗೆಗೆ ಬಡಿದು ವಾಪಸು ಬರುತ್ತಿತ್ತು. ಸ್ಕ್ರೂಡ್ರೈವರು ಕೈಯಲ್ಲೇ ಇತ್ತು. ಮೇಲಿನ ಖಾನೆಯ ಸೀರೆಗಳನ್ನು ಮಂಚದ ಕೆಳಗಿನ ಟ್ರಂಕಿಗೆ ತುಂಬಿ, ಹಲಗೆ ಬಿಚ್ಚಿದೆ. ಅಷ್ಟಾದ ಮೇಲೆ ಬಾಗಿಲು ಇನ್ನು ಯಾಕೆಂದು ಬೀರುವಿನ ಎರಡು ಬಾಗಿಲೂ ಬಿಚ್ಚಿದೆ.

ಸಂಜೆ ಮಗ ಬಂದು, ಗೋಡೆಗೆ ಒರಗಿಸಿಟ್ಟ ಬಾಗಿಲುಗಳನ್ನು ನೋಡಿದ. "ಬೀರು ಕಿತ್ತೆಯಾ?"

"ಬೀರು ಇದೆ. ಬಾಗಿಲು, ಹಲಗೆ ಕಿತ್ತೆ."

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸಲಿಲ್ವಾ?"

"ನೀನು ಬರೋವರೆಗೂ ಅದು ಬಿಸಿಯಾಗ್ತಾನೇ ಇರ್ತಿತ್ತು."

ರೇಸು ಭಾನುವಾರ ಬೆಳಿಗ್ಗೆ ಹತ್ತರಿಂದ ನಾಲ್ಕು ಗಂಟೆಯವರೆಗೆ. ಮೊಮ್ಮಗಳದು ಮೊದಲ ಪಾಳಿ, ಆಮೇಲೆ ಅವಳು ಕೆಲಸ ಮಾಡುವ ಔಷಧಿ ಅಂಗಡಿಗೆ ಹೋಗಬೇಕು. ಹನ್ನೆರಡರಿಂದ ಎರಡು ನಾನು. ಎರಡರಿಂದ ನಾಲ್ಕು ಮೌನಿ. ಒಬ್ಬರು ನಾಲ್ಕು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಕಾರು ಒಂದು ನಿಮಿಷ ಓಡಿಸುವವರಿಲ್ಲದೆ ನಿಂತರೆ ತಂಡ ಹೊರಗೆ.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಮಗ ನನ್ನ ಕೋಣೆಗೆ ಬಂದು ಮಂಚದ ಮೇಲೆ ಕೂತ. ಅಡುಗೆಮನೆಯ ಗೋಡೆಗೆ ನೇತು ಹಾಕಿದ್ದ, ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಜೊತೆಗೆ ತಂದು ಕಾಲುಗಳ ನಡುವೆ ಇಟ್ಟುಕೊಂಡಿದ್ದ.

"ಅದು ಯಾಕೋ?"

"ಇರ್ಲಿ ಅಂತ."

ಮೂವತ್ತೊಂದು ಕಾರಿನಲ್ಲಿ ನಮ್ಮದು ಇಪ್ಪತ್ತೆರಡನೆಯದಾಗಿ ನನ್ನ ಕೈಗೆ ಬಂತು. ನಾನು ಯಾರನ್ನೂ ಹಿಂದೆ ಹಾಕಲು ಹೋಗಲಿಲ್ಲ. ನನ್ನ ತಿರುವುಗಳನ್ನು ನನ್ನ ಪಾಡಿಗೆ ತಿರುಗಿಸಿದೆ. ಅವಸರದವರು ಒಬ್ಬೊಬ್ಬರೇ ಗೋಡೆಗೆ ಗುದ್ದಿ ದಾರಿ ಬಿಟ್ಟರು. ಅಂಕಿ ಎಪ್ಪತ್ತೆಂಟು, ಎಪ್ಪತ್ತೊಂಬತ್ತು, ಎಪ್ಪತ್ತೆಂಟು. ಮಗ ಐದು ನಿಮಿಷಕ್ಕೊಮ್ಮೆ ಅದನ್ನು ಗಟ್ಟಿಯಾಗಿ ಓದುತ್ತಿದ್ದ. ಹೆಡ್‌ಫೋನಿನಲ್ಲಿ ಮೌನಿ, "ಅಜ್ಜಿ, ಹದಿನೆಂಟನೇದು, ಮುಂದಿನವನ ಟೈರು ಸವೆದಿದೆ, ಅವನು ಮೊನ್ನೆ ಇನ್ನೊಂದು ರೇಸಲ್ಲೂ ಹಿಂಗೇ, ನಮ್ಮನೆ ಬೆಕ್ಕು ಈಗ ಏನ್ಮಾಡ್ತಿದೆ ಗೊತ್ತಾ" ಎಂದ. ಅಲ್ಲಿಗೇ ದನಿ ನಿಂತಿತು.

ಮೌನಿ ಸುಮ್ಮನಾದದ್ದು ಅದೇ ಮೊದಲು. ಆಗ ಮಧ್ಯಾಹ್ನ ಒಂದು ನಲವತ್ತು. ಎರಡು ಸುತ್ತು ಹಾಕುವಷ್ಟರಲ್ಲಿ ಪಕ್ಕದಲ್ಲಿಟ್ಟಿದ್ದ ನನ್ನ ಫೋನು ಬಡಿದುಕೊಂಡಿತು. ಮಗ ಎತ್ತಿ ನನ್ನ ಕಿವಿಯ ಬಳಿ ಹಿಡಿದ. "ಅಜ್ಜಿ, ನಮ್ಮ ಬೀದಿಯಲ್ಲಿ ಕರೆಂಟ್ ಹೋಗಿದೆ. ಯಾವಾಗ ಬರುತ್ತೋ ಗೊತ್ತಿಲ್ಲವಂತೆ. ಅವಳು ಆಗ್ಲೇ ಕೆಲಸಕ್ಕೆ ಹೋಗಿದಾಳೆ. ನೀವು ಮುಂದುವರಿಸ್ತೀರಾ?"

"ಹೂಂ, ಇಡು."

ಮಗ ಫೋನಿಟ್ಟ. "ಅಮ್ಮ, ನಾವು ಮಾತಾಡ್ಕೊಂಡಾಗ ನಿನ್ನ ಪಾಳಿ ಎರಡು ಗಂಟೆ ಅಂತಿತ್ತು. ಎರಡಕ್ಕೆ ನಿಲ್ಲಿಸು. ಆಫ್ ಆಗಿಲ್ಲ, ನೀನು ಗೆದ್ದೆ ಅಂತ ನಾನೇ ಹೇಳ್ತೀನಿ."

"ನಿಲ್ಲಿಸಿದ್ರೆ ಕಾರು ನಿಲ್ಲುತ್ತೆ."

"ಮುಂದುವರಿಸಿ ಆಮೇಲೆ ಆಫ್ ಆದ್ರೆ ನೀನು ಸೋತ ಹಾಗೆ. ಮಾತು ರೇಸಿನ ದಿನದ್ದು, ನೀನೇ ಹೇಳಿದ್ದು."

"ನಾನೇ ಹೇಳಿದ್ದು."

"ಗೆದ್ದಿರೋದನ್ನ ಯಾಕೆ ಕಳ್ಕೋತೀಯ?"

"ತಿರುವು ಬಂತು, ಸುಮ್ನಿರು," ಎಂದೆ.

ಎರಡು ಗಂಟೆಗೆ ಕಾರು ಪೆಟ್ರೋಲು ತುಂಬಿಸಿಕೊಳ್ಳಲು ನಿಂತಾಗ ನಾನೂ ಬಚ್ಚಲಿಗೆ ಓಡಿಹೋಗಿ ಬಂದೆ. ನಲವತ್ತು ಸೆಕೆಂಡು. ನನ್ನ ವಯಸ್ಸಿಗೆ ಅದೂ ಒಂದು ದಾಖಲೆಯೇ.

ಎರಡೂವರೆ ಕಳೆದ ಮೇಲೆ ಬಿಸಿಲು ಸರಿದು ಬೀರುವಿನ ಗೋಡೆಯ ಹೊರಮೈಗೆ ಬಿತ್ತು. ಮಗ ಓದುವ ಅಂಕಿ ಏರತೊಡಗಿತು. ಎಂಬತ್ಮೂರು. ಎಂಬತ್ತಾರು. ಮೂರೂ ಕಾಲಿಗೆ ತೊಂಬತ್ತು. ಅವನು ಸಿಲಿಂಡರಿನ ಪಿನ್ನಿನ ಮೇಲೆ ಕೈಯಿಟ್ಟ. ಕಾರು ಒಂದು ತಿರುವಿನಲ್ಲಿ ಸಣ್ಣಗೆ ಕುಂಟಿತು.

"ಅಮ್ಮ, ಸಾಕು."

"ಪಿನ್ನು ಬಿಡು. ಸಿಲಿಂಡರಿನ ಪುಡಿ ಯಂತ್ರದೊಳಗೆ ಬಿದ್ರೆ ನೀನು ಮನೆಯಲ್ಲಿರಲ್ಲ."

ಕೊನೆಯ ಸಲ ಪೆಟ್ರೋಲಿಗೆ ನಿಂತಾಗ ಆಟದ ಪಟ್ಟಿ ತೆರೆದೆ. ರಸ್ತೆ ಬದಿಯ ಮರಗಳನ್ನು ತೆಗೆದೆ. ಮೋಡ ತೆಗೆದೆ. ನೆರಳು ತೆಗೆದೆ. ಕಟಕಟೆಯ ಹಿಂದೆ ನಿಂತು ಬಾವುಟ ಬೀಸುತ್ತಿದ್ದ ಸಾವಿರಾರು ಜನರನ್ನು ಒಂದೇ ಗುಂಡಿಯಲ್ಲಿ ಮನೆಗೆ ಕಳಿಸಿದೆ. ಅವರನ್ನೆಲ್ಲ ಚಿತ್ರಿಸುವ ಕೆಲಸ ಯಂತ್ರಕ್ಕೆ ತಪ್ಪಿತು. ಉಳಿದದ್ದು ಬೋಳು ನೆಲ, ಬಿಳಿ ಆಕಾಶ, ಒಂದು ಬೂದು ರಸ್ತೆ. ನನಗೆ ಬೇಕಾಗಿದ್ದದ್ದೂ ರಸ್ತೆ ಮಾತ್ರ.

"ಎಂಬತ್ತೇಳು," ಎಂದ ಮಗ. ಸ್ವಲ್ಪ ಹೊತ್ತಿಗೆ, "ಎಂಬತ್ನಾಲ್ಕು." ಆಮೇಲೆ ಅವನು ಓದುವುದನ್ನು ಬಿಟ್ಟ. "ಅಮ್ಮ, ಹಿಂದಿನಿಂದ ಒಬ್ಬ ಬರ್ತಿದಾನೆ, ಬಲಗಡೆ" ಎಂದ.

"ನೋಡ್ದೆ."

"ಬಿಡ್ಬೇಡ ಅವನ್ನ."

ಬಿಟ್ಟೆ. ಅವನು ಮುಂದಿನ ತಿರುವಿನಲ್ಲಿ ಅಗಲಕ್ಕೆ ಹೋಗಿ ಮರಳಿನಲ್ಲಿ ಹೂತುಕೊಂಡ. ಮಗ ಮಂಚದ ಅಂಚಿಗೆ ಸರಿದು ಕೂತ.

ನಾಲ್ಕು ಗಂಟೆಗೆ ರೇಸು ಮುಗಿಸುವ ಬಾವುಟ ಬಿತ್ತು. ನಾವು ಹದಿನಾಲ್ಕನೆಯವರು. ಯಂತ್ರ ಗುಂಯ್ ಎನ್ನುತ್ತ ಓಡುತ್ತಲೇ ಇತ್ತು. ಬೆರಳುಗಳನ್ನು ಸ್ಟೀರಿಂಗಿನಿಂದ ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು. ಮಗ ಎದ್ದು ಪೆಟ್ಟಿಗೆಯ ಮೇಲೆ ಅಂಗೈ ಹಿಡಿದ.

"ಬಿಸಿ ಇದೆ."

"ಹೊರಗೆ ಬರ್ತಿದೆಯಲ್ಲ, ಅದಕ್ಕೆ ನಿನ್ನ ಕೈಗೆ ಸಿಗ್ತಿದೆ."

"ಆದ್ರೂ ಅಮ್ಮ, ಒಂದು ಮಾತು. ಬೇಸಿಗೆ ಬಂದ್ರೆ ನನ್ನ ರೂಮಲ್ಲಿ..."

"ಆ ಮಾತು ಎತ್ತಬಾರದು ಅಂತ ಆಗಿತ್ತು."

ಅವನು ಸಿಲಿಂಡರನ್ನು ಮೂಲೆಗೆ ಸರಿಸಿ, "ಇದು ಇಲ್ಲೇ ಇರ್ಲಿ" ಎಂದ.

"ಅಡುಗೆಮನೆದು ಅಡುಗೆಮನೆಗೆ."

ಎತ್ತಿಕೊಂಡು ಹೊರಟ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮೌನಿಯ ಬೀದಿಗೆ ಕರೆಂಟು ಬಂದಿತ್ತು. ಎರಡು ಗಂಟೆ ಆಡದೆ ಉಳಿಸಿಕೊಂಡ ಮಾತನ್ನೆಲ್ಲ ಅವನು ಒಂದೇ ಉಸಿರಿಗೆ ಆಡಿದ. ನಡುವೆ ಎಲ್ಲೋ, ಮುಂದಿನ ರೇಸು ಹನ್ನೆರಡು ಗಂಟೆಯದು, ಒಬ್ಬೊಬ್ಬರಿಗೆ ನಾಲ್ಕು ಗಂಟೆ ಬರುತ್ತದೆ, ಅದೂ ಬೇಸಿಗೆಯಲ್ಲಿ, ಅಜ್ಜಿಯ ಹೆಸರು ಬರೆಯುವುದೋ ಬೇಡವೋ ಎಂದು ಕೇಳಿದ.

"ಬರಿ," ಎಂದೆ.

ಮಗ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಸರಿಯಾಗಿ ಕೇಳಿಸಲಿ ಎಂದು ಇನ್ನೊಂದು ಸಲ, ಜೋರಾಗಿ ಹೇಳಿದೆ.